ತೊಳೆದಷ್ಟೂ ತೀರದ ಕೈ: ಗೀಳು ಕಾಯಿಲೆಯ ಮನೆಗೆ ಮೆಡಿಕಲ್ ಕಾಕಾನ ಕಿವಿಮಾತು

ನಾನು ಡಾಕ್ಟರ್ ಅಲ್ಲ. ಹುಮನಾಬಾದಿನಲ್ಲಿ ಮೆಡಿಕಲ್ ಅಂಗಡಿಯ ಗಲ್ಲೆಯ ಹಿಂದೆ ಕೂತು ತಲೆ ಬೆಳ್ಳಗಾದವನು, ಮನೆ ಬಸವಕಲ್ಯಾಣದಲ್ಲಿ. ಅಲ್ಲಿ ಕೂತವನಿಗೆ ಕೆಲವು ಸಂಗತಿ ಡಾಕ್ಟರಿಗಿಂತ ಮೊದಲೇ ಕಾಣುತ್ತವೆ. ವಾರಕ್ಕೊಂದು ಡೆಟಾಲ್ ಬಾಟಲಿ ಒಯ್ಯುವ ಮನೆ, ಬೆರಳ ಸಂದಿ ಸೀಳಿಕೊಂಡು ಮುಲಾಮು ಕೇಳುವ ಹುಡುಗಿ, ಗುಳಿಗೆ ಕೊಂಡು ಹೋಗಿ ತಿರುಗಿ ಬಂದು "ಕಾಕಾ, ಇನ್ನೊಮ್ಮೆ ನೋಡ್ರಿ, ಡೇಟ್ ಖರೇನೇ ಮುಗದಿಲ್ಲಲ್ರಿ?" ಎನ್ನುವ ಗಂಡುಮಗ. ಇಂಥ ಮನೆಯವರು ಕೇಳುವ ಪ್ರಶ್ನೆಗಳಿಗೆ ಅಂಗಡಿಯಲ್ಲಿ ನಿಂತು ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ.

• ಮೊದಲು ಗುರುತು ಹಿಡಿಯಿರಿ, ತಮ್ಮಾ. ಬೇಡವೆಂದರೂ ಒಂದು ಯೋಚನೆ ನುಗ್ಗುತ್ತದೆ: ಕೈ ಹೊಲಸಾಗಿದೆ, ಗ್ಯಾಸ್ ಬಂದ್ ಆಗಿಲ್ಲ, ಕೀಲಿ ಬಿದ್ದಿಲ್ಲ. ಎದೆ ಡವಗುಟ್ಟುತ್ತದೆ. ತೊಳೆದರೆ, ನೋಡಿಬಂದರೆ, ಎಣಿಸಿದರೆ ಗಳಿಗೆ ಹೊತ್ತು ಸಮಾಧಾನ, ಮತ್ತೆ ಅದೇ. ಇದು ಅತಿಯಾಯಿತೆಂದು ಬಹಳ ಜನಕ್ಕೆ ತಮಗೇ ಗೊತ್ತಿರುತ್ತದೆ, ಆದರೂ ಬಿಡಲಾಗುವುದಿಲ್ಲ. ಇಂಥದ್ದಕ್ಕೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಹೋಗುತ್ತಿದ್ದರೆ, ಅಥವಾ ಶಾಲೆ, ಅಡುಗೆ, ದುಡಿಮೆ ಕೆಡುತ್ತಿದ್ದರೆ ಡಾಕ್ಟರಿಗೆ ತೋರಿಸಬೇಕು. ನಮ್ಮ ಕಡೆ ಈ ಗೀಳನ್ನು ವಹಮ್ ಎಂದು ನಕ್ಕು ಬಿಡುತ್ತಾರೆ. ನೂರು ಜನರಲ್ಲಿ ಎರಡು ಮೂರು ಮಂದಿಗೆ ಜೀವಮಾನದಲ್ಲಿ ಎಂದಾದರೂ ಬರುವ ಕಾಯಿಲೆ ಇದು. ಹೆಚ್ಚಿನವರಿಗೆ ಶಾಲೆ-ಕಾಲೇಜಿನ ವಯಸ್ಸಿನಲ್ಲೇ ಶುರುವಾಗುತ್ತದೆ.

• ಮಡಿಗೂ ಇದಕ್ಕೂ ಗಂಟು ಹಾಕಬೇಡಿ. ಮಡಿ ಮಾಡುವವರಿಗೆ ಒಂದು ಅಂತ್ಯ ಉಂಟು. ಸ್ನಾನವಾಯಿತು, ಪೂಜೆಯಾಯಿತು, ಮನಸ್ಸು ಹಗುರಾಯಿತು. ಗೀಳಿನವರಿಗೆ ಆ 'ಆಯಿತು' ಬರುವುದೇ ಇಲ್ಲ. ಲಿಂಗ ಮುಟ್ಟುವ ಮೊದಲು ಕೈ ಶುದ್ಧವಾಯಿತೋ ಇಲ್ಲವೋ ಎಂದು ನಲ್ಲಿಯ ಮುಂದೆಯೇ ನಿಲ್ಲುವವರಿದ್ದಾರೆ, ನಮಾಜಿಗೆ ಮೊದಲು ಕೈಕಾಲು ತೊಳೆಯುವ ವುಜು ಸರಿಯಾಗಲಿಲ್ಲವೆಂದು ಹೊತ್ತು ಮೀರಿಸಿಕೊಳ್ಳುವವರೂ ಇದ್ದಾರೆ. ಸುಮ್ಮನೆ ಬರುವ ಅನುಮಾನಕ್ಕೆ ವುಜು ಮುರಿಯುವುದಿಲ್ಲವೆಂದು ಮೌಲ್ವಿಗಳೇ ಹೇಳುತ್ತಾರೆ. ಮೈಲಿಗೆಯೆಂದು ಎಣಿಸುವ ಜನನ ಸೂತಕ, ಪ್ರೇತ ಸೂತಕ, ರಜಸ್ಸೂತಕ, ಉಚ್ಛಿಷ್ಟ ಸೂತಕ, ಜಾತಿ ಸೂತಕ ಈ ಐದನ್ನೂ 12ನೇ ಶತಮಾನದ ಶರಣರು ಇದೇ ಕಲ್ಯಾಣದಲ್ಲಿ ತಳ್ಳಿಹಾಕಿದರು. ಆದರೆ ಇದನ್ನೆಲ್ಲ ಮಗಳ ಮುಂದೆ ಭಾಷಣ ಮಾಡಿದರೆ ಅವಳ ಗೀಳು ಹೋಗುವುದಿಲ್ಲ. ಅವಳಿಗೆ ಅದು ನಿಮಗಿಂತ ಚೆನ್ನಾಗಿ ಗೊತ್ತು. ತಿಳುವಳಿಕೆ ಕಡಿಮೆಯಾಗಿ ಬಂದ ರೋಗ ಅಲ್ಲ ಇದು.

• ಕಣ್ಣಿಗೆ ಕಾಣದ ಗೀಳೂ ಇದೆ, ಅದೇ ಹೆಚ್ಚು ಸುಡುವುದು. ದೇವರ ಮುಂದೆ ಕೈಮುಗಿದಾಗ ಬೈಗುಳ ಬರುವುದು, ಹೇಳಲು ನಾಚಿಕೆಯಾಗುವ ಕಾಮದ ಚಿತ್ರಗಳು ಸುಳಿಯುವುದು, ಹಸುಗೂಸಿನ ತಾಯಿಗೆ ಈಳಿಗೆ ಕಂಡರೆ 'ಕೂಸಿಗೆ ಏನಾದರೂ ಮಾಡಿಬಿಟ್ಟರೆ' ಎಂಬ ನಡುಕ. ಆಕೆ ಈಳಿಗೆ ಅಡಗಿಸುತ್ತಾಳೆ, ಕೂಸನ್ನು ಎತ್ತಿಕೊಳ್ಳಲು ಹೆದರುತ್ತಾಳೆ, ಯಾರಿಗೂ ಹೇಳುವುದಿಲ್ಲ. ತಂಗೀ, ಆ ಯೋಚನೆ ನಿನ್ನ ಆಸೆ ಅಲ್ಲ. ಅದು ನಿನಗೆ ಇಷ್ಟು ಅಸಹ್ಯವಾಗುತ್ತಿದೆ ಎನ್ನುವುದೇ ಗೀಳಿನ ಗುರುತು. ಗೀಳಿನವರು ಅಂಥದ್ದನ್ನು ಮಾಡಲು ಹೋಗುವವರಲ್ಲ. ಡಾಕ್ಟರ ಮುಂದೆ ಬಾಯಿ ಬಿಟ್ಟು ಹೇಳು, ಅವರು ಇಂಥದ್ದನ್ನು ಬೇಕಾದಷ್ಟು ಕೇಳಿರುತ್ತಾರೆ. ಮನೆಯವರಿಗೆ ಬೇರೊಂದು ಮಾತು: ಬಾಣಂತಿ ನಿದ್ದೆಯಿಲ್ಲದೆ ಏನೇನೋ ಮಾತಾಡುತ್ತಿದ್ದರೆ, ಯಾರೋ ಕರೆಯುವ ದನಿ ಕೇಳುತ್ತದೆ ಅಂದರೆ, ಕೂಸಿನಲ್ಲಿ ಕೇಡು ಸೇರಿದೆ ಎಂದು ನಂಬಿದ್ದರೆ ಅದು ಗೀಳಲ್ಲ. ಕೂಸನ್ನು ಆಕೆಯ ಬಳಿ ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

• ಇನ್ನು ಮನೆಯವರ ಪಾತ್ರ. ಮಗ ಕೇಳುತ್ತಾನೆ: "ಅವ್ವಾ, ಕೀಲಿ ಹಾಕೀನಿ ಹೌದಲ್ಲ?" ಅವ್ವ ಹೇಳುತ್ತಾಳೆ: "ಹೌದಪ್ಪ." ಐದು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಉತ್ತರ. ಸೊಸೆ ಒಳಗೆ ಬಂದವರಿಗೆಲ್ಲ ಕಾಲು ತೊಳೆಸುತ್ತಾಳೆ, ಮಾವನೂ ತೊಳೆಯುತ್ತಾನೆ, ಜಗಳ ಯಾಕೆಂದು. ಬೇಸಿಗೆಯಲ್ಲಿ ಟ್ಯಾಂಕರ್ ದಾರಿ ಕಾಯುವ ಓಣಿಯಲ್ಲೂ ಅವಳಿಗಾಗಿ ಎರಡು ಕೊಡ ಹೆಚ್ಚು ತುಂಬಿಸಿಡುತ್ತಾರೆ. ಎಲ್ಲವೂ ಪ್ರೀತಿಯಿಂದಲೇ, ಆದರೆ ಪ್ರತಿ ಸಲವೂ ನೀವು ಹಾವಿಗೆ ಹಾಲೆರೆಯುತ್ತಿದ್ದೀರಿ. ನಿಮ್ಮ 'ಹೌದಪ್ಪ' ಸಿಕ್ಕಷ್ಟು ಕಾಲ ಅವನ ಮನಸ್ಸು ಅನುಮಾನವನ್ನು ಹೊತ್ತು ನಿಲ್ಲಲು ಕಲಿಯುವುದಿಲ್ಲ. ನನಗೆ ಒಂದೇ ಮಾತು ಹೇಳಿ ಅಂದರೆ ಇದನ್ನೇ ಹೇಳುತ್ತೇನೆ, ಉಳಿದದ್ದು ಡಾಕ್ಟರು ಹೇಳುತ್ತಾರೆ.

• ಹಾಗೆಂದು ನಾಳೆಯಿಂದಲೇ ನಲ್ಲಿ ಬಂದ್ ಮಾಡಿ, ಬೈದು, ಕೈಕಟ್ಟಿ ಕೂರಿಸಬೇಡಿ. ಅದು ಚಿಕಿತ್ಸೆ ಅಲ್ಲ. ಮನಸ್ಸು ತಿಳಿಯಾಗಿದ್ದ ಹೊತ್ತಿನಲ್ಲಿ ಕೂತು ಮಾತಾಡಿ: "ನೀನು ಕೇಳಿದಾಗ ನಾನು ಒಂದೇ ಸಲ ಹೇಳ್ತೀನಿ, ಎರಡನೇ ಸಲಕ್ಕೆ 'ಇದು ಗೀಳು ಕೇಳ್ತಿರೋದು' ಅಂತೀನಿ, ಸಿಟ್ಟು ಮಾಡ್ಕೋಬೇಡ." ಅವರು ಒಪ್ಪಿದ ಮೇಲೆ ಸ್ವಲ್ಪ ಸ್ವಲ್ಪವೇ ಬಿಡಿಸಿ. ಮನೆಯಲ್ಲಿ ಎಲ್ಲರೂ ಒಂದೇ ನಡೆ ನಡೆಯಬೇಕು. ಅವ್ವ ಬಿಗಿ ಹಿಡಿದು ಅಜ್ಜಿ ಗುಟ್ಟಾಗಿ 'ಹೌದಪ್ಪ' ಅಂದರೆ ಕೆಲಸ ಕೆಟ್ಟಿತು.

• ಹೀಗೆ ಸ್ವಲ್ಪ ಸ್ವಲ್ಪವೇ ಬಿಡಿಸುವುದನ್ನು ಕ್ರಮವಾಗಿ ಮಾಡಿಸುವ ಚಿಕಿತ್ಸೆಗೆ ಎಕ್ಸ್‌ಪೋಶರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಶನ್, ಚಿಕ್ಕದಾಗಿ ಇಆರ್‌ಪಿ ಎನ್ನುತ್ತಾರೆ. 1966ರಲ್ಲಿ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞ ಇಂಗ್ಲೆಂಡಿನಲ್ಲಿ ಇಬ್ಬರು ರೋಗಿಗಳಿಗೆ ಮಾಡಿಸಿ ಬರೆದದ್ದರಿಂದ ಇದು ಬೆಳೆಯಿತು. ಹೆದರಿಕೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಪಟ್ಟಿ ಮಾಡುತ್ತಾರೆ. ಮೊದಲು ಮನೆಯ ಬಾಗಿಲ ಚಿಲಕ ಮುಟ್ಟಿ ಕೈ ತೊಳೆಯದೆ ಕೂರುವುದು. ಆಮೇಲೆ ಬಸ್ಸಿನ ಕಂಬಿ, ಆಮೇಲೆ ಆಸ್ಪತ್ರೆಯ ಬೆಂಚು. ಎದೆ ಬಡಿದುಕೊಳ್ಳುತ್ತದೆ, ಬಡಿದುಕೊಳ್ಳಲಿ. ತೊಳೆಯದೆ ಕೂತರೂ ಆ ಕಸಿವಿಸಿ ಹೊತ್ತು ಹೋದಂತೆ ಇಳಿಯುತ್ತದೆ, ಇಳಿಯದಿದ್ದರೂ ತಾಳಿಕೊಳ್ಳಬಹುದು ಎಂದು ಮೈಗೆ ತಿಳಿಯಬೇಕು. ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು ಹನ್ನೆರಡರಿಂದ ಇಪ್ಪತ್ತು ಸಲ ಕೂರಿಸಿಕೊಂಡು ಮಾಡಿಸುವ ಕೆಲಸವಿದು, ನಡುವೆ ಮನೆಪಾಠವೂ ಇರುತ್ತದೆ. ಮಾತಾಡಿ ಸಮಾಧಾನ ಹೇಳುವ ಕೌನ್ಸೆಲಿಂಗ್ ಬೇರೆ, ಇದು ಬೇರೆ. ಹೋದಲ್ಲಿ ಹೆಸರು ಹಿಡಿದೇ ಕೇಳಿ.

• ಗುಳಿಗೆಯ ವಿಷಯ ನನ್ನ ಅಂಗಡಿಯ ವಿಷಯ, ಸ್ವಲ್ಪ ಉದ್ದ ಹೇಳುತ್ತೇನೆ. ಫ್ಲುಆಕ್ಸೆಟಿನ್, ಸರ್ಟ್ರಾಲಿನ್, ಎಸಿಟಾಲೊಪ್ರಾಮ್, ಫ್ಲುವಾಕ್ಸಮಿನ್, ಇವು ಗೀಳಿಗೆ ಮೊದಲು ಬರೆಯುವವು. ಹಳೆಯ ಕ್ಲೊಮಿಪ್ರಮಿನ್ ಕೂಡ ಒಳ್ಳೆಯ ಕೆಲಸ ಮಾಡುತ್ತದೆ, ಬಾಯಿ ಒಣಗುವುದು, ಮಲಬದ್ಧತೆ ಮುಂತಾದ ಕಾಟ ಹೆಚ್ಚು. ಖಿನ್ನತೆಗೆ ಸರ್ಟ್ರಾಲಿನ್ 50 ಮಿಲಿಗ್ರಾಂ ಸಾಕಾದೀತು, ಗೀಳಿಗೆ 200ರವರೆಗೂ ಏರಿಸುತ್ತಾರೆ. "ಡಾಕ್ಟರ್ ಇಷ್ಟ್ಯಾಕ ಬರದಾರ?" ಎಂದು ನೀವೇ ಅರ್ಧ ಮಾಡಬೇಡಿ. ಮೊದಲ ಎರಡು ವಾರ ಹೊಟ್ಟೆ ತೊಳಸುವುದು, ತಲೆನೋವು, ನಿದ್ದೆ ಏರುಪೇರು. ಗುಣ ಮಾತ್ರ ಕಾಣದು. ಹೆಚ್ಚಿನವರು ಬಿಡುವುದು ಅಲ್ಲಿಯೇ. ಸರಿಯಾದ ಪ್ರಮಾಣಕ್ಕೆ ಬಂದ ಮೇಲೆ ಹತ್ತು ಹನ್ನೆರಡು ವಾರ ನೋಡದೆ ಈ ಗುಳಿಗೆ ನಾಟಲಿಲ್ಲ ಎನ್ನುವಂತಿಲ್ಲ. ನಾಟಿದ ಮೇಲೂ ಒಂದೆರಡು ವರ್ಷ ಮುಂದುವರಿಸಿ, ಡಾಕ್ಟರ್ ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಚಟ ಹಿಡಿಸುವ ಗುಳಿಗೆಗಳಲ್ಲ ಇವು, ಆದರೆ ಒಮ್ಮೆಲೇ ನಿಲ್ಲಿಸಿದರೆ ತಲೆ ತಿರುಗಿ ಕಸಿವಿಸಿಯಾಗುತ್ತದೆ, ರೋಗವೂ ಮರಳಬಹುದು. ಹರೆಯದವರಿದ್ದರೆ ಶುರುವಿನ ವಾರಗಳಲ್ಲಿ ಮನಸ್ಸು ತೀರ ಕುಸಿದಿದೆಯೋ ನೋಡುತ್ತಿರಿ. ಬಸುರಿಯಾದರೆ ತಾವಾಗಿ ನಿಲ್ಲಿಸದೆ ಕೇಳಬೇಕು. ಒಂದು ಗುಳಿಗೆ ನಾಟದಿದ್ದರೆ ಇನ್ನೊಂದಿದೆ, ಜೊತೆಗೆ ಸೇರಿಸುವ ಗುಳಿಗೆಗಳಿವೆ. ಯಾವುದಕ್ಕೂ ಬಗ್ಗದ ಕೆಲವೇ ಮಂದಿಗೆ ಮಿದುಳಿನ ಕಾಂತ ಚಿಕಿತ್ಸೆ, ಶಸ್ತ್ರಚಿಕಿತ್ಸೆ ತನಕ ದಾರಿಗಳಿವೆ.

• ನಿದ್ದೆಗುಳಿಗೆ ಕೇಳಿ ಬರಬೇಡಿ. ಅಲ್ಪ್ರಾಜೊಲಾಮ್ ನುಂಗಿದರೆ ಆ ರಾತ್ರಿ ತಣ್ಣಗಿರುತ್ತದೆ, ಗೀಳು ಎಳ್ಳಷ್ಟೂ ಕಡಿಮೆಯಾಗುವುದಿಲ್ಲ, ಚಟ ಮಾತ್ರ ಅಂಟುತ್ತದೆ. ಹಳೆಯ ಚೀಟಿ ತೋರಿಸಿ ಕೇಳುವವರಿಗೆ ನಾನು ಕೊಡುವುದಿಲ್ಲ. ಅದಕ್ಕೆ ನನ್ನ ಮೇಲೆ ಸಿಟ್ಟಾದವರು ಊರು ತುಂಬ ಇದ್ದಾರೆ.

• ಎಲ್ಲಿಗೆ ಹೋಗಬೇಕು? 2014ರಿಂದ ರಾಜ್ಯದಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮವಿದೆ, ಮಂಗಳವಾರಗಳಂದು ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ನೋಡುತ್ತಾರೆ. ಯಾವ ಮಂಗಳವಾರ ನಿಮ್ಮ ತಾಲೂಕಿನದು ಎಂದು ಮೊದಲೇ ಆಸ್ಪತ್ರೆಯಲ್ಲಿ ವಿಚಾರಿಸಿ ಹೊರಡಿ. ಬೀದರ್‌ನ ಬ್ರಿಮ್ಸ್, ಕಲಬುರಗಿಯ ಜಿಮ್ಸ್ ಎರಡೂ ಸರಕಾರಿ ಆಸ್ಪತ್ರೆ, ಅಲ್ಲಿಯೂ ತೋರಿಸಬಹುದು. ಹುಮನಾಬಾದಿನಿಂದ ಬೀದರ್ ಸುಮಾರು ಐವತ್ತು ಕಿಲೋಮೀಟರ್, ಕಲ್ಯಾಣದವರಿಗೆ ಇನ್ನಷ್ಟು ದೂರ. ಸೊಲ್ಲಾಪುರ, ಹೈದರಾಬಾದಿಗೆ ಹೋಗುವವರೂ ಇದ್ದಾರೆ, ಹೋಗಲಿ, ಆದರೆ ತಿಂಗಳು ತಿಂಗಳು ಹೋಗಿಬರಲು ಆಗುವ ಜಾಗವನ್ನೇ ಹಿಡಿಯಿರಿ. ಗಟ್ಟಿ ಕೇಸಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳಿಗೆಂದೇ ಬೇರೆ ಕ್ಲಿನಿಕ್ ಇದೆ. ಮನೆಯಿಂದ ಹೊರಗೆ ಬರಲು ಒಪ್ಪದವರು 14416ಕ್ಕೆ ಫೋನ್ ಮಾಡಬಹುದು: ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರಕಾರಿ ಸೇವೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುತ್ತೇನೆ ಎಂಬ ಮಾತು ಬಂದರೆ ಹಗಲು ರಾತ್ರಿ ನೋಡದೆ ಆ ನಂಬರ್ ಒತ್ತಿ, ಒಬ್ಬರನ್ನೇ ಬಿಡಬೇಡಿ.

• ಹೋಗುವ ಮುಂಚೆ ಒಂದು ಕಾಗದದಲ್ಲಿ ಬರೆದುಕೊಳ್ಳಿ: ಯಾವ ಯೋಚನೆ, ಏನು ಮಾಡುತ್ತಾರೆ, ದಿನಕ್ಕೆ ಎಷ್ಟು ಹೊತ್ತು, ಯಾವಾಗಿನಿಂದ, ಮೊದಲು ಯಾವ ಗುಳಿಗೆ. ಸರಕಾರಿ ಸಾಲಿನಲ್ಲಿ ಡಾಕ್ಟರಿಗೆ ನಿಮಗಾಗಿ ಸಿಗುವುದು ಕೆಲವೇ ನಿಮಿಷ.

• ಗಾಣಗಾಪುರಕ್ಕೆ ಹೋಗಿ ಬನ್ನಿ, ಮಾಣಿಕನಗರದಲ್ಲಿ ಮಾಣಿಕ ಪ್ರಭುಗಳಿಗೆ ನಡೆದುಕೊಳ್ಳಿ, ದರ್ಗಾಕ್ಕೂ ಹೋಗಿ. ನಾನು ಬೇಡ ಎನ್ನುವವನಲ್ಲ. ಚೀಟಿ ಜೇಬಿನಲ್ಲಿರಲಿ, ಗುಳಿಗೆ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಹೋಗಲಿ. ದೆವ್ವ ಬಿಡಿಸುತ್ತೇನೆಂದು ಹೊಡೆಯುವ, ಉಪವಾಸ ಕೆಡವುವ ಕಡೆಗೆ ಮಾತ್ರ ಕಾಲಿಡಬೇಡಿ.

• ಮದುವೆ ಮಾಡಿದರೆ ಸರಿಹೋಗುತ್ತದೆ ಎನ್ನುವ ಸೋದರಮಾವಂದಿರ ಮಾತು ಕೇಳಬೇಡಿ. ಮೊದಲು ಚಿಕಿತ್ಸೆ. ಬೀಗರಿಗೆ ಮುಚ್ಚಿಡಬೇಡಿ, ಗುಟ್ಟಾಗಿ ಗುಳಿಗೆ ನುಂಗುತ್ತ ಬಾಳುವೆ ಮಾಡುವುದು ಬಲು ಕಷ್ಟ.

• ದುಡ್ಡಿನ ಚಿಂತೆಯಿದ್ದರೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ, ಈ ಗುಳಿಗೆಗಳು ಅಲ್ಲಿ ಅಗ್ಗ. ನನ್ನ ವ್ಯಾಪಾರಕ್ಕೆ ಪೆಟ್ಟು, ಪರವಾಗಿಲ್ಲ. ಇನ್ಶೂರೆನ್ಸ್ ಇದ್ದವರು ನೆನಪಿಡಿ, 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಕಂಪನಿಗಳು ದೇಹದ ರೋಗಕ್ಕೆ ಕೊಟ್ಟಂತೆ ಮನಸ್ಸಿನ ರೋಗಕ್ಕೂ ವಿಮೆ ಕೊಡಬೇಕು.

• ಗುಳಿಗೆ ಪೂರ್ತಿ ಮುಗಿಯುವ ತನಕ ಕಾಯದೆ, ಸ್ಟ್ರಿಪ್ಪಿನಲ್ಲಿ ಏಳು ಉಳಿದಾಗಲೇ ಬನ್ನಿ. ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ದಿನ ಬಜಾರಿನೊಳಗೆ ಗಾಡಿ ಬರುವುದಿಲ್ಲ, ನಾನೂ ಶಟರ್ ಅರ್ಧ ಇಳಿಸಿ ತೇರಿಗೆ ಹೋಗಿರುತ್ತೇನೆ.