ತೋಟದವನಿಗೂ ಎತ್ತರದ ಭಯ

ಅರಸೀಕೆರೆ ಸೀಮೆಯಲ್ಲಿ ತೆಂಗಿನ ತೋಟ ಇಟ್ಟುಕೊಂಡು ಮರ ಹತ್ತಲಾರೆ ಎಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಧೈರ್ಯ ಹೇಳುತ್ತಾರೆ. ಎರಡರಿಂದಲೂ ನನಗೆ ಉಪಯೋಗವಾಗಿಲ್ಲ. ನಮ್ಮ ತೋಟದಲ್ಲಿರುವುದು ಅಜ್ಜ ಹಾಕಿದ ತಿಪಟೂರು ಟಾಲ್ ಮರಗಳು. ಕತ್ತೆತ್ತಿದರೆ ಗರಿಯ ತುದಿ ಆಕಾಶದಲ್ಲಿ ಓಲಾಡುತ್ತಿರುತ್ತದೆ. ಅಷ್ಟು ಕಂಡರೆ ಸಾಕು, ನನ್ನ ಅಂಗೈ ಬೆವರುತ್ತದೆ.

ಮರವನ್ನಾದರೂ ಬೇರೆಯವರಿಂದ ಹತ್ತಿಸಬಹುದು, ಆದರೆ ಅಟ್ಟದ ಕೆಲಸ ನನ್ನದೇ. ಉಂಡೆ ಕೊಬ್ಬರಿಗೆ ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಎಂಟು ಹತ್ತು ತಿಂಗಳು ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಕಾಯಿ ಅಲ್ಲಾಡಿಸಿದರೆ ಗಿಟುಕು ಲೊಡಲೊಡ ಎನ್ನುತ್ತದೆ. ಆ ಸದ್ದು ಕೇಳಲು ಆಗಾಗ ಏಣಿ ಹತ್ತಲೇಬೇಕು. ಹತ್ತುವುದು ಹೇಗೋ ಆಗುತ್ತದೆ. ಕಷ್ಟ ಇಳಿಯುವಾಗ. ಹಿಂದಕ್ಕೆ ಕಾಲು ಚಾಚಿ, ಕಾಣದ ಮೆಟ್ಟಿಲನ್ನು ಹೆಬ್ಬೆರಳಿನಿಂದ ತಡಕುವ ಆ ಗಳಿಗೆಯಲ್ಲಿ ಮಂಡಿಯ ಶಕ್ತಿಯೇ ಸೋರಿಹೋದಂತಾಗುತ್ತದೆ. ಮಾಲೇಕಲ್ಲು ತಿರುಪತಿ ಬೆಟ್ಟದಲ್ಲೂ ಹೀಗೆಯೇ. ಹತ್ತುವಾಗ ಕಣ್ಣೆದುರು ಮೆಟ್ಟಿಲಿರುತ್ತದೆ, ಇಳಿಯುವಾಗ ಇಡೀ ಬಯಲು ಬಾಯಿ ತೆರೆಯುತ್ತದೆ.

ಇದು ಪುಕ್ಕಲುತನವಲ್ಲ ಎಂದು ತಿಳಿಯಲು ಬಹಳ ಕಾಲ ಹಿಡಿಯಿತು. ನಾವು ನೆಟ್ಟಗೆ ನಿಲ್ಲುವುದು ಕಣ್ಣು, ಒಳಕಿವಿ, ಕಾಲಿನ ಸ್ನಾಯು ಕೀಲುಗಳು ಮೂರೂ ಕೂಡಿ ಮಿದುಳಿಗೆ ಕೊಡುವ ಸುದ್ದಿಯ ಮೇಲೆ. ನಿಂತ ದೇಹ ನಮಗೇ ತಿಳಿಯದಂತೆ ಸದಾ ಕೊಂಚ ಓಲಾಡುತ್ತಿರುತ್ತದೆ. ಎದುರಿಗೆ ಗೋಡೆಯೋ ಗಿಡವೋ ಇದ್ದರೆ ಕಣ್ಣು ಆ ಓಲಾಟವನ್ನು ಗುರುತಿಸುತ್ತದೆ, ಮೈ ತಿದ್ದಿಕೊಳ್ಳುತ್ತದೆ. ಎತ್ತರದಲ್ಲಿ ಹತ್ತಿರದ ವಸ್ತುವೇ ಇಲ್ಲದೆ ಕಣ್ಣಿಗೆ ಆಧಾರ ತಪ್ಪುತ್ತದೆ, ಓಲಾಟ ಹೆಚ್ಚುತ್ತದೆ. ಕಣ್ಣನ್ನೇ ಹೆಚ್ಚು ನೆಚ್ಚಿಕೊಂಡವರಿಗೆ ಭಯವೂ ಹೆಚ್ಚು.

ಬೇಲೂರಿನಲ್ಲಿ ಇದು ನನಗೆ ಸ್ಪಷ್ಟವಾಯಿತು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯಲ್ಲಿ ಮದನಿಕೆಯರಿರುವುದು ಸೂರಿನ ಕೆಳಗೆ, ಮುಂದಕ್ಕೆ ಬಾಗಿ. ಜಗತಿಯ ಅಂಚಿನ ಬಳಿ ನಿಂತು, ಕತ್ತನ್ನು ಪೂರ್ತಿ ಹಿಂದಕ್ಕೆ ಚೆಲ್ಲಿ ದರ್ಪಣ ಸುಂದರಿಯನ್ನು ನೋಡಹೊರಟರೆ ನನಗೆ ತಲೆ ಸುತ್ತುತ್ತದೆ. ತಲೆ ಹಾಗೆ ಹಿಂದಕ್ಕೆ ಬಾಗಿದಾಗ ಒಳಕಿವಿಯ ಲೆಕ್ಕವೂ ಏರುಪೇರಾಗುತ್ತದೆ. ಈಗ ಅಂಚಿನಿಂದ ದೂರ ಸರಿದು, ಒಂದು ಕೈಯನ್ನು ಮಗಳ ಹೆಗಲ ಮೇಲಿಟ್ಟು, ಒಬ್ಬೊಬ್ಬಳನ್ನೇ ನೋಡುತ್ತೇನೆ. ಹೆಗಲು ಸಿಕ್ಕ ಕೂಡಲೇ ಸುತ್ತು ನಿಲ್ಲುತ್ತದೆ. ಹಳೇಬೀಡಿನಲ್ಲಿ ಈ ತಾಪತ್ರಯವಿಲ್ಲ. ಹೊಯ್ಸಳೇಶ್ವರನ ಗುಡಿಗೆ ಈಗ ಶಿಖರವಿಲ್ಲ. ತಳದಲ್ಲಿ ಆನೆಯ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು ಎಂದು ಕೆಳಗಿನಿಂದಲೇ ಓದುತ್ತ ಹೋಗಬಹುದು. ನನ್ನಂಥವರು ಮೊದಲು ಹಳೇಬೀಡಿಗೆ ಹೋಗಿ ಆಮೇಲೆ ಬೇಲೂರಿಗೆ ಬರುವುದು ಒಳ್ಳೆಯದು.

ನಿಜವಾದ ಪಾಠ ಸಿಕ್ಕಿದ್ದು ನಮ್ಮ ತೋಟಕ್ಕೆ ಬರುವ ಹಿರಿಯರೊಬ್ಬರಿಂದ. ಮರ ಹತ್ತುವ ಯಂತ್ರದಲ್ಲಿ ಎರಡು ಬಿಡಿ ಭಾಗಗಳಿರುತ್ತವೆ, ಎರಡಕ್ಕೂ ಮರವನ್ನು ತಬ್ಬುವ ತಂತಿ ಹಗ್ಗ. ಒಂದು ಕಾಲಿನ ಮೇಲೆ ಭಾರ ಬಿಟ್ಟರೆ ಆ ಕಡೆಯ ಹಗ್ಗ ಬಿಗಿಯುತ್ತದೆ, ಆಗ ಇನ್ನೊಂದನ್ನು ಮೇಲಕ್ಕೆ ಸರಿಸಬೇಕು. ಯಂತ್ರದ ಮೇಲೆ ಆಳುದ್ದ ಏರಿದೊಡನೆ ನಾನು ಇಳಿಯುತ್ತೇನೆ ಎಂದೆ. ಅವರು, "ಈಗ್ ಇಳೀಬ್ಯಾಡಿ ಗೌಡ್ರೆ. ಕೆಳಗೂ ಬ್ಯಾಡ, ಮ್ಯಾಲೂ ಬ್ಯಾಡ, ಮರಾನೇ ನೋಡ್ಕಂಡ್ ನಿಂತ್ಕಳಿ. ನಡುಕ ನಿಂತ್ ಮ್ಯಾಕೆ ಇಳಿಯೋರಂತೆ" ಎಂದರು. ಮೂಗಿನ ಮುಂದೆ ಹಳೆಯ ಗರಿ ಕಳಚಿದ ಗುರುತುಗಳು ಬಳೆ ಬಳೆಯಾಗಿ ಇದ್ದವು, ಸಂದಿಯಲ್ಲಿ ಕೆಂಜಿಗದ ಸಾಲು. ಅದನ್ನೇ ನೋಡುತ್ತ ನಿಂತೆ. ಎದೆಬಡಿತ ತಾನಾಗಿ ಇಳಿಯಿತು.

ಮನೋವೈದ್ಯರು ಹೇಳುವುದೂ ಇದನ್ನೇ. ಭಯ ತುದಿಗೇರಿದಾಗ ಓಡಿಬಂದರೆ, ಓಡಿದ್ದಕ್ಕೇ ಉಳಿದೆ ಎಂದು ಮಿದುಳು ಕಲಿಯುತ್ತದೆ. ತಡೆದು ನಿಂತರೆ ಭಯ ಕರಗುವುದನ್ನು ಕಲಿಯುತ್ತದೆ. ಜರ್ಮನ್ ಕವಿ ಗಯಟೆ 1770ರ ಸುಮಾರಿಗೆ ಸ್ಟ್ರಾಸ್‌ಬರ್ಗ್‌ನಲ್ಲಿ ಓದುತ್ತಿದ್ದಾಗ ಅಲ್ಲಿನ ಇಗರ್ಜಿಯ ಗೋಪುರವನ್ನು ಮತ್ತೆ ಮತ್ತೆ ಏರಿ ಈ ಭಯವನ್ನು ಕಳೆದುಕೊಂಡನಂತೆ. ಆತ್ಮಕಥೆಯಲ್ಲಿ ಅವನೇ ಬರೆದುಕೊಂಡಿದ್ದಾನೆ.

ನನ್ನ ಭಯ ಅಷ್ಟು ಪೂರ್ತಿ ಹೋಗಿಲ್ಲ. ಅಟ್ಟದ ಏಣಿಯನ್ನು ಈಗ ಗೋಡೆಗೆ ಬಿಗಿದು ಕಟ್ಟಿದ್ದೇನೆ, ಪಕ್ಕದಲ್ಲೊಂದು ಹಿಡಿಗಂಬಿಯಿದೆ. ಇಳಿಯುವಾಗ ಎದುರಿನ ಗೋಡೆಯ ಮೇಲೆ ಕಣ್ಣಿಡುತ್ತೇನೆ. ಎಳೆಯ ಮರಗಳನ್ನು ಯಂತ್ರ ಕಟ್ಟಿಕೊಂಡು ಹತ್ತಬಲ್ಲೆ. ಅಜ್ಜನ ಕಾಲದ ಮರಗಳನ್ನು ಹತ್ತುವುದಿಲ್ಲ, ಹತ್ತಬೇಕೆಂಬ ಹಟವೂ ನನಗಿಲ್ಲ.

ಆದರೆ ಅವನ್ನು ನನಗಾಗಿ ಇನ್ನೊಬ್ಬರು ಹತ್ತುತ್ತಾರೆ. ಭಯವಿಲ್ಲದ ಮಾತ್ರಕ್ಕೆ ಅವರಿಗೆ ಅಪಾಯವಿಲ್ಲ ಎಂದಲ್ಲ. ಮಳೆಯಲ್ಲಿ ನೆನೆದ ಮರ ಯಾರನ್ನಾದರೂ ಜಾರಿಸುತ್ತದೆ. ತೆಂಗು ಅಭಿವೃದ್ಧಿ ಮಂಡಳಿ ಯಂತ್ರದಿಂದ ಮರ ಹತ್ತುವ ತರಬೇತಿಯನ್ನು 2011ರಿಂದ ಕೊಡುತ್ತಿದೆ. ಮರ ಹತ್ತುವವರಿಗೆಂದೇ ಅದರ ಕೇರ ಸುರಕ್ಷಾ ಅಪಘಾತ ವಿಮೆಯಿದೆ. ಕಂತಿನ ದೊಡ್ಡ ಪಾಲನ್ನು ಮಂಡಳಿಯೇ ಕಟ್ಟುತ್ತದೆ. ಉಳಿದ ಸಣ್ಣ ಪಾಲನ್ನು ತೋಟದವರಾದ ನಾವು ಕಟ್ಟೋಣ. ಮುಂದಿನ ಸಲ ಕಾಯಿ ಕೀಳಿಸುವ ಮೊದಲು, ನಿಮ್ಮ ಮರ ಹತ್ತುವವರಿಗೆ ವಿಮೆ ಇದೆಯೇ ಎಂದು ದಯವಿಟ್ಟು ಕೇಳಿ.