ನಕ್ಷೆಯಲ್ಲಿ ಹಸಿರು ಬಣ್ಣ ಇದ್ದರೆ ಸಾಕೆ?

ಪ್ರಶ್ನೆ: ಸಕ್ರೆಬೈಲಿನಲ್ಲಿ ತುಂಗೆಯ ಹಿನ್ನೀರಿನ ಹತ್ತಿರ ಮನೆಗೆ ಜಾಗ ನೋಡಿದ್ದೇವೆ. ಉಪಗ್ರಹ ನಕ್ಷೆಯಲ್ಲಿ ಆ ಜಾಗಕ್ಕೆ ಹಸಿರು ಬಣ್ಣವಿದೆ, ಅಂದರೆ ಅಲ್ಲಿಗೆ ನೆರೆ ಬರುವುದಿಲ್ಲವಂತೆ. ನಂಬಬಹುದೇ?

ಉತ್ತರ: ಅದೊಂದನ್ನೇ ನಂಬಿ ಮುಂಗಡ ಕೊಡಬೇಡಿ. ಉಚಿತವಾಗಿ ಸಿಗುವ ಉಪಗ್ರಹ ದತ್ತಾಂಶ ಸುಮಾರು 30 ಮೀಟರ್ ಚೌಕಕ್ಕೆಲ್ಲ ಒಂದೇ ಎತ್ತರ ಹೇಳುತ್ತದೆ. ಮರಗಳಿದ್ದಲ್ಲಿ ನೆಲವನ್ನು ಬಿಟ್ಟು ಮರದ ನೆತ್ತಿಯನ್ನು ಅಳೆದಿರುವುದೂ ಉಂಟು. ನಿಮ್ಮ ಕಡೆ ಮರಗಳಿಗೇನು ಬರವೇ! ಪರವಾನಗಿ ಇರುವ ಸರ್ವೇಯರ್‌ರಿಂದ ಸಮುದ್ರಮಟ್ಟದಿಂದ ಎತ್ತರ ಗುರುತಿಸಿದ ಬೆಂಚ್‌ಮಾರ್ಕ್ ಹಿಡಿದು ಜಾಗದ ಎತ್ತರ ಅಳೆಸಿ, ಆ ಹಿನ್ನೀರಿಗೆ ಕಾರಣವಾದ ಗಾಜನೂರು ಜಲಾಶಯದ ಪೂರ್ಣ ಮಟ್ಟ 588.24 ಮೀಟರ್‌ಗೆ ಹೋಲಿಸಿ. ಮೊಬೈಲ್ ತೋರಿಸುವ ಎತ್ತರ ಲೆಕ್ಕಕ್ಕಿಲ್ಲ. ಅಂತರ ಒಂದೆರಡು ಮೀಟರ್ ಅಷ್ಟೇ ಇದ್ದರೆ, ನದಿಯ ಅಡ್ಡಕೊಯ್ತ, ಅಣೆಕಟ್ಟೆಯ ಗೇಟ್ ತೆರೆಯುವ ಕ್ರಮ ಎರಡನ್ನೂ ಸೇರಿಸಿ ಹೆಕ್-ರಾಸ್ ತಂತ್ರಾಂಶದಲ್ಲಿ ನೆರೆಯ ಮಾದರಿ ಮಾಡಬಲ್ಲ ಎಂಜಿನಿಯರ್ ಬೇಕು. ಸರ್ವೇ ನಂಬರ್ ಮುಳುಗಡೆಗೆ ಸ್ವಾಧೀನವಾಗಿದೆಯೇ ಎಂದು ತುಂಗಾ ಮೇಲ್ದಂಡೆ ಯೋಜನೆಯ ಕಚೇರಿಯಲ್ಲಿ ವಿಚಾರಿಸಿ. ವಕೀಲರು ಪತ್ರ ನೋಡುವವರೆಗೆ ಕರಾರಿಗೆ ಸಹಿ ಹಾಕಬೇಡಿ.