ಮೊರೇರ ಬೆಟ್ಟ ಹತ್ತುವ ಮುಂಚೆ

ಬೆಳಿಗ್ಗೆ ಹಂಪಿ, ಮಧ್ಯಾಹ್ನ ಹಿರೇಬೆಣಕಲ್, ಸಂಜೆ ಅಂಜನಾದ್ರಿ ಎಂದು ಒಂದೇ ದಿನಕ್ಕೆ ಪಟ್ಟಿ ಹಾಕಿಕೊಂಡಿದ್ದೀಯಲ್ಲ ಮಗೂ, ಮೊದಲು ಅದನ್ನು ಹರಿದುಹಾಕು. ಹಿರೇಬೆಣಕಲ್‌ನ ಮೊರೇರ ಬೆಟ್ಟ ಹೋದ ಪುಟ್ಟ ಬಂದ ಪುಟ್ಟ ಅನ್ನುವಂಥ ಜಾಗವಲ್ಲ. ಗಂಗಾವತಿಯಿಂದ ಊರಿನವರೆಗೆ ರಸ್ತೆಯಿದೆ. ಆಮೇಲೆ ಕಾಲೇ ಗತಿ. ಬರೀ ಬಂಡೆ, ಮುಳ್ಳುಕಂಟಿ, ನೆತ್ತಿ ಸುಡುವ ಬಿಸಿಲು. ಬೆಳಕು ಹರಿಯುತ್ತಲೇ ಹೊರಡು. ಊರಿನವರೊಬ್ಬರನ್ನು ಜೊತೆಗೆ ಕರೆದುಕೋ, ದುಡ್ಡು ಕೊಡುವಾಗ ಚೌಕಾಸಿ ಮಾಡಬೇಡ.

ಮೇಲೆ ಹೋದರೆ ಕಲ್ಲಿನ ಮನೆಗಳ ಕೇರಿಯೇ ಕಾಣುತ್ತದೆ. ಚಪ್ಪಡಿಗಳನ್ನು ಗೋಡೆಯಂತೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ಕೆಲವು ನಿನಗಿಂತ ಎತ್ತರ. ಕೆಲವಕ್ಕೆ ದುಂಡಗಿನ ಕಿಂಡಿ. ಚಿಕ್ಕವು ದೊಡ್ಡವು ಸೇರಿ ಸುಮಾರು 400. ಕಬ್ಬಿಣದ ಯುಗದ ಜನ ಸತ್ತವರಿಗಾಗಿ ಕಟ್ಟಿದ ಸ್ಮಾರಕಗಳಿವು, ಕ್ರಿ.ಪೂ. 800ರಿಂದ 200ರ ನಡುವಿನವು ಎನ್ನುತ್ತಾರೆ ತಿಳಿದವರು.

ಅಲ್ಲಿ ನಿಂತ ಕೂಡಲೇ ನೀನು ಏನು ಹೇಳುತ್ತೀ ಎಂದು ನನಗೆ ಗೊತ್ತು. 'ಇದನ್ನು ಮನುಷ್ಯರು ಕಟ್ಟಿರಲಿಕ್ಕಿಲ್ಲ.' ಅನ್ಯಗ್ರಹದವರ ವಿಡಿಯೊ ನೋಡಿ ನೋಡಿ ನಿನ್ನ ತಲೆ ಕೆಟ್ಟಿದೆ. ಸ್ವಲ್ಪ ತಡಿ, ಊರಿನವರ ಕಥೆಯನ್ನೂ ಕೇಳು. ಮೊರೇರು ಎಂಬ ಕುಳ್ಳ ಜನ ಇಲ್ಲಿದ್ದರಂತೆ, ಇವು ಅವರ ಮನೆಗಳಂತೆ. ನಗಬೇಡ. ಅಷ್ಟು ಚಿಕ್ಕ ಕಿಂಡಿ ಕಂಡವರು ಒಳಗಿದ್ದವರೂ ಚಿಕ್ಕವರೇ ಇರಬೇಕೆಂದು ಲೆಕ್ಕ ಹಾಕಿದ್ದಾರೆ. ಲೆಕ್ಕ ತಪ್ಪಿರಬಹುದು, ಆದರೆ ಅವರು ಕಲ್ಲನ್ನು ನೋಡಿದ್ದಾರೆ. ಅನ್ಯಗ್ರಹದ ಕಥೆ ಕಟ್ಟಿದವನು ಕಲ್ಲನ್ನು ನೋಡೇ ಇಲ್ಲ.

ನೀನು ನೋಡು. ಕಾಲ ಕೆಳಗಿನ ಬಂಡೆ ಪದರ ಪದರವಾಗಿ ಏಳುತ್ತಿರುತ್ತದೆ. ಬಿಸಿಲು, ಮಳೆ, ಕಾಲ ಸೇರಿ ಅರ್ಧ ಕೆಲಸ ಮಾಡಿಕೊಟ್ಟಿವೆ. ಆ ಪದರವನ್ನು ಎಬ್ಬಿಸಿ, ಅಂಚು ಕೆತ್ತಿ, ಸಾಗಿಸುವುದು ಮನುಷ್ಯನ ಪಾಲಿಗೆ ಉಳಿದದ್ದು. ಚಪ್ಪಡಿಯ ಅಂಚಿಗೆ ಕಣ್ಣು ಹತ್ತಿರ ತಂದರೆ ಚಕ್ಕೆ ಹಾರಿದ ಗುರುತು ಸಿಗುತ್ತದೆ. ಹತ್ತಿರದಲ್ಲೇ ನೀರು ನಿಂತ ಹೊಂಡವೊಂದಿದೆ. ಅದೇ ಹಳೆಯ ಕಲ್ಲುಗಣಿ ಇರಬೇಕು ಎನ್ನುತ್ತಾರೆ. ಸತ್ತವರಿಗೆ ಮನೆ ಕಟ್ಟಲು ಕಲ್ಲು ತೆಗೆದರು, ಬದುಕಿದ್ದವರಿಗೆ ನೀರು ಸಿಕ್ಕಿತು! ಈ ಬುದ್ಧಿವಂತಿಕೆಯನ್ನು ಹೊತ್ತೊಯ್ದು ಯಾವುದೋ ಗ್ರಹದವರಿಗೆ ಕಟ್ಟುತ್ತೀಯಲ್ಲ, ನನಗೆ ಸಿಟ್ಟು ಬರುವುದು ಅದಕ್ಕೇ. ಒಂದು ಚಪ್ಪಡಿ ಎತ್ತಲು ಎಷ್ಟು ಕೈ ಬೇಕು? ಅವರಿಗೆಲ್ಲ ಅಂಬಲಿ ಕಾಸಿದವರಾರು? ಇಂಥವರಿಗೇ ದೊಡ್ಡ ಮನೆ, ಇಂಥವರಿಗೆ ಚಿಕ್ಕದು ಎಂದು ತೀರ್ಮಾನಿಸಿದವರಾರು? ನೆರಳು ಸಿಕ್ಕ ಕಡೆ ಕೂತು ಇದನ್ನು ಯೋಚಿಸು. ಉತ್ತರ ಅವತ್ತೇ ಬೇಕೆಂದು ಹಟ ಮಾಡಬೇಡ.

ಇನ್ನು ನಿನ್ನ ಕೈಗಳ ವಿಷಯ. ಎತ್ತರದ ಗುಂಡಿನ ಮೇಲೆ ನಗಾರಿಯಂಥ ಕಲ್ಲೊಂದಿದೆ. ಬಡಿದರೆ ನಗಾರಿಯದೇ ಸದ್ದು. ನಿನ್ನ ಕೈ ತುರಿಸುತ್ತದೆ, ಬಲ್ಲೆ. ಕಲ್ಲೆತ್ತಿ ಕುಟ್ಟಬೇಡ. ಬಂಡೆಯ ಮರೆಗಳಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ, ಜಿಂಕೆ, ದನ, ಕುಣಿಯುವ ಜನ. ಫೋಟೊ ಚೆನ್ನಾಗಿ ಬರಲಿ ಎಂದು ಅವುಗಳ ಮೇಲೆ ನೀರು ಚಿಮುಕಿಸುವವರಿದ್ದಾರೆ. ಅಂಥವರ ಜೊತೆ ಸೇರಬೇಡ. ನಿಧಿಯ ಆಸೆಗೆ ಅಗೆದು ಬೀಳಿಸಿದ ಚಪ್ಪಡಿಗಳು ಅಲ್ಲಿ ಸಾಕಷ್ಟಿವೆ. 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಈ ಬೆಟ್ಟ ಸೇರಿತು, ಸಂತೋಷ. ಆದರೆ ಪಟ್ಟಿ ಬಂದು ಕಲ್ಲು ಕಾಯುವುದಿಲ್ಲ. ನೀನು, ನಿನ್ನ ಗೆಳೆಯರು ಕಾಯಬೇಕು. ಯಾರಾದರೂ ಮೊಳೆ ಹಿಡಿದು ಹೆಸರು ಕೆತ್ತಲು ಹೊರಟರೆ ಬಾಯಿ ಬಿಟ್ಟು ಬೇಡ ಅನ್ನು. ಸಂಕೋಚಪಡಬೇಡ.

ನೀರು ಎರಡು ಬಾಟಲಿ ಹೆಚ್ಚಾಗಿಯೇ ಇರಲಿ, ಖಾಲಿ ಬಾಟಲಿ ನಿನ್ನ ಚೀಲದಲ್ಲೇ ವಾಪಸು ಬರಲಿ. ಆ ಸೀಮೆಯಲ್ಲಿ ಕರಡಿ, ಚಿರತೆ ಓಡಾಡುತ್ತವೆ. ಹೊತ್ತು ಮುಳುಗುವ ಮುಂಚೆ ಇಳಿದುಬಿಡು. ಅಂಜನಾದ್ರಿಗೆ ಮಾರನೆಯ ದಿನ ಹೋದರಾಯಿತು.